ತಿರುಪಿನ ದಂಡವೂ ಚುಕ್ಕಾಣಿಯೂ: ಹಾಯಿಹಡಗುಗಳ ಇತಿಹಾಸದಲ್ಲಿ ಒಂದು ವಿಚಾರ

ಹಾಯಿಯನ್ನು ಮುಖ್ಯವಾಗಿಯೂ ಎಂಜಿನನ್ನು ಸಹಾಯಕವಾಗಿಯೂ ಉಳ್ಳ ಹಳೆಯ ಹಡಗುಗಳನ್ನು ದುರಸ್ತು ಮಾಡುವವರಿಗೆ ಒಂದು ತೊಡಕು ಚಿರಪರಿಚಿತವಾದುದು. ಹಡಗಿನ ಹಿಂಗಡೆಯಲ್ಲಿ ನೀರೊಳಗೆ ತಿರುಗುವ ರೆಕ್ಕೆಗಳನ್ನು ಒಳಗಿನ ಎಂಜಿನಿಗೆ ಸೇರಿಸುವ ಲೋಹದ ದಂಡವೊಂದುಂಟು. ಅನೇಕ ವರ್ಷಗಳ ತರುವಾಯ ಅದು ಸವೆದಾಗ ಹೊರಗೆ ತೆಗೆಯಬೇಕಾಗುತ್ತದೆ. ಆಗ ಎರಡು ಅಡ್ಡಿಗಳು ಒದಗುತ್ತವೆ. ದಂಡವು ತನ್ನ ಜೋಡಣೆಯನ್ನು ಬಿಟ್ಟು ಬರಲೊಲ್ಲದೆಂಬುದು ಮೊದಲನೆಯದು. ಬಿಟ್ಟು ಬಂದರೂ ಅದರ ಹಾದಿಗೆ ಸರಿಯಾಗಿ ಹಿಂದೆಯೇ ಚುಕ್ಕಾಣಿಯು ನಿಂತಿರುವುದು ಎರಡನೆಯದು. ಮೇಲ್ನೋಟಕ್ಕೆ ಇವೆರಡೂ ಕಮ್ಮಾರನ ವಿಷಯಗಳು, ಇತಿಹಾಸಕಾರನವಲ್ಲ. ಆದರೆ ಎರಡನೆಯ ಅಡ್ಡಿಯು ಕ್ರಿ. ಶ. ೧೮೩೬ರ ಒಂದು ನಿರ್ಣಯದಿಂದ ಹುಟ್ಟಿದುದೆಂದೂ, ಮೊದಲನೆಯದು ಆ ನಿರ್ಣಯದ ಜೊತೆಗೆ ಬೆಳೆದ ಒಂದು ವಿವೇಕವನ್ನು ಮುಂದಿನವರು ಕೈಬಿಟ್ಟುದರಿಂದ ಬಂದುದೆಂದೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ಇಂಗ್ಲಿಷಿನಲ್ಲಿ ‘ಸ್ಕ್ರೂ’ ಎಂದೂ ‘ಪ್ರೊಪೆಲರ್’ ಎಂದೂ ಕರೆಯುವ ಈ ಉಪಕರಣವನ್ನು ಇಲ್ಲಿ ತಿರುಪು ಎಂದು ಕರೆದಿದೆ. ‘ಷಾಫ್ಟ್’ ಎಂಬುದಕ್ಕೆ ದಂಡವೆಂಬ ಮಾತನ್ನು ಬಳಸಿದೆ.

೧. ತಿರುಪಿನ ಸ್ಥಾನ

ನೀರಿನಲ್ಲಿ ತಿರುಗುವ ತಿರುಪಿನಿಂದ ಹಡಗನ್ನು ನೂಕಬಹುದೆಂಬ ಕಲ್ಪನೆಯು ಒಬ್ಬನದಲ್ಲ. ಆಸ್ಟ್ರಿಯಾ ಚಕ್ರಾಧಿಪತ್ಯದಲ್ಲಿ ಯೋಸೆಫ್ ರೆಸ್ಸೆಲ್ ಎಂಬ ಅರಣ್ಯಾಧಿಕಾರಿಯು ೧೮೨೭ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದು, ೧೮೨೯ರಲ್ಲಿ ಟ್ರಿಯೆಸ್ಟ್ ಬಂದರಿನಲ್ಲಿ ಪ್ರಯೋಗವನ್ನೂ ನಡೆಸಿದನು. ಉಗಿಯ ಕೊಳವೆಯೊಂದು ಒಡೆದುದರಿಂದ ಆ ಪ್ರಯತ್ನವು ಅಲ್ಲಿಗೇ ನಿಂತಿತು. ಆದರೆ ನಮ್ಮ ವಿಷಯಕ್ಕೆ ನಿರ್ಣಾಯಕವಾದುದು ೧೮೩೬ನೆಯ ಇಸವಿ. ಆ ವರ್ಷ ಇಂಗ್ಲೆಂಡಿನಲ್ಲಿ ಕೆಲವು ವಾರಗಳ ಅಂತರದಲ್ಲಿ ಇಬ್ಬರು ಹಕ್ಕುಪತ್ರಗಳನ್ನು ಪಡೆದರು. ಒಬ್ಬನು ಹೆಂಡನ್ನಿನಲ್ಲಿ ಬೇಸಾಯವನ್ನು ಮಾಡಿಕೊಂಡಿದ್ದ ಫ್ರಾನ್ಸಿಸ್ ಪೆಟ್ಟಿಟ್ ಸ್ಮಿತ್. ಮತ್ತೊಬ್ಬನು ಸ್ವೀಡನ್ನಿನಿಂದ ಬಂದಿದ್ದ ಜಾನ್ ಎರಿಕ್ಸನ್.

ಇವರಿಬ್ಬರ ಭೇದವನ್ನು ಸಾಮಾನ್ಯವಾಗಿ ತಿರುಪಿನ ಆಕಾರದಲ್ಲಿ ಹುಡುಕುತ್ತಾರೆ. ಸ್ಥಾನದ ಭೇದವು ಅದಕ್ಕಿಂತ ಮುಖ್ಯವಾದುದೆಂದು ನಮ್ಮ ಅಭಿಪ್ರಾಯ. ಎರಿಕ್ಸನ್ನನು ತನ್ನ ತಿರುಪುಗಳನ್ನು ಚುಕ್ಕಾಣಿಯ ಹಿಂದೆ ಇಟ್ಟನು. ೧೮೩೭ರಲ್ಲಿ ಅವನ ‘ಫ್ರಾನ್ಸಿಸ್ ಬಿ. ಆಗ್ಡನ್’ ಎಂಬ ದೋಣಿಯು ಥೇಮ್ಸ್ ನದಿಯಲ್ಲಿ ನೌಕಾಧಿಪತಿಗಳನ್ನು ಕೂರಿಸಿಕೊಂಡಿದ್ದ ನಾವೆಯನ್ನು ಎಳೆದುಕೊಂಡು ಹೋಯಿತು. ಆದರೂ ಅವರು ಒಪ್ಪಲಿಲ್ಲ. ಹಿಂಗಡೆಯಿಂದ ನೂಕಿದ ಹಡಗು ಚುಕ್ಕಾಣಿಯ ಮಾತನ್ನು ಕೇಳಲಾರದೆಂಬುದು ನೌಕಾಪಡೆಯ ಸರ್ವೇಯರನಾಗಿದ್ದ ಸರ್ ವಿಲಿಯಂ ಸೈಮಂಡ್ಸನ ಆಕ್ಷೇಪವಾಗಿದ್ದಿತು. ಸ್ಮಿತ್ತನಾದರೋ ಹಡಗಿನ ಅಡಿಮರದ ಹಿಂತುದಿಯಲ್ಲಿ ಒಂದು ಕಿಂಡಿಯನ್ನು ಕೊರೆದು, ಚುಕ್ಕಾಣಿಯ ಮುಂದೆ, ಎರಡು ಕಂಬಗಳ ನಡುವೆ ತಿರುಪನ್ನು ಕೂರಿಸಿದನು. ತಿರುಪು ಹಿಂದಕ್ಕೆ ತಳ್ಳಿದ ನೀರು ನೇರವಾಗಿ ಚುಕ್ಕಾಣಿಗೆ ಬಡಿಯುವುದರಿಂದ ಹಡಗು ನಿಧಾನವಾಗಿ ಚಲಿಸುವಾಗಲೂ ಚೆನ್ನಾಗಿ ತಿರುಗುತ್ತದೆ. ಸೈಮಂಡ್ಸನ ಆಕ್ಷೇಪಕ್ಕೆ ಇದೇ ಸರಿಯಾದ ಉತ್ತರವಾಯಿತು.

೧೮೩೭ರ ಪ್ರಯೋಗವೊಂದರಲ್ಲಿ ಸ್ಮಿತ್ತನ ಮರದ ತಿರುಪಿನ ಅರ್ಧಭಾಗವು ಮುರಿದುಹೋಗಲು, ದೋಣಿಯು ಮೊದಲಿಗಿಂತ ವೇಗವಾಗಿ ಓಡಿತೆಂಬ ಕಥೆ ಪ್ರಸಿದ್ಧವಾಗಿದೆ. ಅನಂತರ ‘ಆರ್ಕಿಮಿಡೀಸ್’ ಎಂಬ ಹಡಗು ೧೮೩೯ರಲ್ಲಿ ಸಮುದ್ರಕ್ಕಿಳಿದು ಸ್ಮಿತ್ತನ ಪಕ್ಷವನ್ನು ಸ್ಥಾಪಿಸಿತು. ಬ್ರುನೆಲನು ತನ್ನ ‘ಗ್ರೇಟ್ ಬ್ರಿಟನ್’ ಹಡಗಿಗೆ ಬದಿಯ ಚಕ್ರಗಳನ್ನು ಬಿಟ್ಟು ತಿರುಪನ್ನೇ ಆರಿಸಿಕೊಂಡುದು ‘ಆರ್ಕಿಮಿಡೀಸ್’ ಹಡಗನ್ನು ಪರೀಕ್ಷಿಸಿದ ಮೇಲೆಯೇ. ೧೮೪೫ನೆಯ ಏಪ್ರಿಲಿನಲ್ಲಿ ‘ರ‍್ಯಾಟ್ಲರ್’ ಎಂಬ ತಿರುಪಿನ ಹಡಗು, ಚಕ್ರದ ಹಡಗಾದ ‘ಅಲೆಕ್ಟೋ’ವನ್ನು ಹಿಂದುಹಿಂದಕ್ಕೆ ಎರಡು ನಾಟುಗಳಿಗೂ ಮೀರಿದ ವೇಗದಿಂದ ಎಳೆದುಕೊಂಡು ಹೋದುದನ್ನು ಎಲ್ಲ ಗ್ರಂಥಗಳೂ ವರ್ಣಿಸುತ್ತವೆ. ಆ ಹಗ್ಗಜಗ್ಗಾಟದಿಂದಲೇ ವಾದವು ತೀರಿತೆಂಬುದು ಜನಪ್ರಿಯವಾದ ಮಾತು. ಆದರೆ ಅದಕ್ಕೆ ಮೊದಲೇ ಬ್ರಿಟಿಷ್ ನೌಕಾಪಡೆಯು ಅನೇಕ ತಿರುಪಿನ ಹಡಗುಗಳನ್ನು ಕಟ್ಟಲು ಅಪ್ಪಣೆಮಾಡಿದ್ದಿತು. ಹೀಗೆ ಸ್ಮಿತ್ತನ ಸ್ಥಾನವು ನೆಲೆಯಾಯಿತು. ತಿರುಪು ಚುಕ್ಕಾಣಿಯ ಮುಂದೆ ಸೆರೆಯಾಯಿತು.

೨. ಕಳಚುವುದಕ್ಕಾಗಿಯೇ ಮಾಡಿದ ಜೋಡಣೆ

ಹೀಗೆ ಸೆರೆಯಾದ ತಿರುಪು ಹಾಯಿಗೆ ಶತ್ರುವಾಗಿ ಪರಿಣಮಿಸಿತು. ಆ ಕಾಲದ ಎಂಜಿನುಗಳು ಕಲ್ಲಿದ್ದಲನ್ನು ಬಹಳವಾಗಿ ನುಂಗುತ್ತಿದ್ದುದರಿಂದ ದೂರಪ್ರಯಾಣಕ್ಕೆ ಹಾಯಿಯೇ ಗತಿ. ಹಾಯಿ ಬಿಚ್ಚಿ ಹೊರಟಾಗ ನಿಶ್ಚಲವಾದ ತಿರುಪು ನೀರನ್ನು ತಡೆದು ವೇಗವನ್ನು ಕುಗ್ಗಿಸುತ್ತದೆ. ಇದಕ್ಕೆ ನೌಕಾಶಿಲ್ಪಿಗಳು ಕಂಡುಕೊಂಡ ಪರಿಹಾರವು ಬಹು ಸ್ವಾರಸ್ಯವಾದುದು. ಹಡಗಿನ ಹಿಂಭಾಗದಲ್ಲಿ ಮೇಲಿನ ಹಲಗೆಗಳಿಂದ ನೀರಿನವರೆಗೆ ಒಂದು ಬಾವಿಯನ್ನು ಬಿಟ್ಟು, ತಿರುಪನ್ನು ಲೋಹದ ಚೌಕಟ್ಟಿನಲ್ಲಿ ಕೂರಿಸಿ, ಬೇಕಾದಾಗ ಬಾವಿಯಿಂದ ಕೊಡವನ್ನು ಸೇದುವಂತೆ ಅದನ್ನು ಮೇಲಕ್ಕೆತ್ತುತ್ತಿದ್ದರು.

ಇಲ್ಲಿ ಗಮನಿಸತಕ್ಕುದು ದಂಡದ ತುದಿಯ ರಚನೆ. ದಂಡಕ್ಕೂ ತಿರುಪಿಗೂ ಬಿಗಿಯಾದ ಬೆಸುಗೆಯಿರಲಿಲ್ಲ. ಒಂದರ ತುದಿಯ ಏಣು ಮತ್ತೊಂದರ ತುದಿಯ ಗಾಡಿಯೊಳಗೆ ಕೂಡುತ್ತಿದ್ದಿತು. ಗಾಡಿಯು ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವಂತೆ ದಂಡವನ್ನು ತಿರುಗಿಸಿ ನಿಲ್ಲಿಸಿದರೆ, ತಿರುಪು ತಾನಾಗಿ ಮೇಲಕ್ಕೆ ಜಾರುವುದು. ದಂಡವು ತಿರುಗುತ್ತಿರುವಷ್ಟು ಹೊತ್ತು ಏಣು ಗಾಡಿಯನ್ನು ಬಿಡದು. ಹಿಡಿಯುವ ಗುಣವೂ ಬಿಡುವ ಗುಣವೂ ಒಂದೇ ಜೋಡಣೆಯಲ್ಲಿ ನೆಲೆಸಿದ್ದವು. ಎರಡೇ ರೆಕ್ಕೆಗಳ ತಿರುಪನ್ನು ಆರಿಸಿಕೊಂಡುದಕ್ಕೆ ಇದೂ ಒಂದು ಕಾರಣ. ನೆಟ್ಟಗೆ ನಿಂತ ಎರಡು ರೆಕ್ಕೆಗಳು ಕಿರಿದಾದ ಬಾವಿಯಲ್ಲಿ ಹಿಡಿಯುತ್ತವೆ. ಎತ್ತದೆ ಬಿಟ್ಟರೂ ಹಿಂಗಂಬದ ಮರೆಯಲ್ಲಿ ಅಡಗುತ್ತವೆ.

೧೮೪೫ರಲ್ಲಿ ಫ್ರಾಂಕ್ಲಿನ್ನನ ನೇತೃತ್ವದಲ್ಲಿ ಉತ್ತರ ಧ್ರುವಸಾಗರಕ್ಕೆ ಹೊರಟು ಮರಳಿ ಬಾರದ ‘ಎರೆಬಸ್’ ಮತ್ತು ‘ಟೆರರ್’ ಹಡಗುಗಳಿಗೂ ರೈಲ್ವೆ ಎಂಜಿನುಗಳನ್ನು ಕೂರಿಸಿ, ಎತ್ತಬಲ್ಲ ತಿರುಪುಗಳನ್ನು ಅಳವಡಿಸಿದ್ದರು. ಮಂಜುಗಡ್ಡೆಯ ಹೊಡೆತದಿಂದ ಅವುಗಳನ್ನು ಪಾರುಮಾಡುವುದು ಅಲ್ಲಿಯ ಅಗತ್ಯವಾಗಿದ್ದಿತು. ಈ ಎರಡು ಹಡಗುಗಳ ಅವಶೇಷಗಳು ಕ್ರಮವಾಗಿ ೨೦೧೪ರಲ್ಲಿಯೂ ೨೦೧೬ರಲ್ಲಿಯೂ ಸಮುದ್ರತಳದಲ್ಲಿ ದೊರೆತವು. ‘ಗ್ರೇಟ್ ಬ್ರಿಟನ್’ ಹಡಗು ಆಸ್ಟ್ರೇಲಿಯಾದ ದೀರ್ಘಯಾನಕ್ಕೆ ತೊಡಗಿದ ಮೇಲೆ ೧೮೫೭ರಲ್ಲಿ ಅದಕ್ಕೂ ಎತ್ತುವ ತಿರುಪನ್ನು ಹಾಕಿದರು. ೧೮೬೦ರ ಡಿಸೆಂಬರಿನಲ್ಲಿ ನೀರಿಗಿಳಿದ ‘ವಾರಿಯರ್’ ಎಂಬ ಕಬ್ಬಿಣದ ಯುದ್ಧನೌಕೆಯಲ್ಲಿ ಅನೇಕ ಟನ್ನುಗಳ ತೂಕದ ತಿರುಪನ್ನು ನೂರಾರು ಮಂದಿ ನಾವಿಕರು ಹಗ್ಗಗಳಿಂದ ಜಗ್ಗಿ ಎತ್ತುತ್ತಿದ್ದರು. ಹೊಗೆಕೊಳವೆ ಮೇಲಕ್ಕೆ, ತಿರುಪು ಕೆಳಕ್ಕೆ ಎಂಬುದು ಉಗಿಯಿಂದ ಹೊರಡುವಾಗ ಆ ಕಾಲದ ನಾಯಕರು ಕೊಡುತ್ತಿದ್ದ ಅಪ್ಪಣೆ.

ಬಾವಿಯಿಂದ ಹಡಗಿನ ಹಿಂಭಾಗವು ದುರ್ಬಲವಾಗುತ್ತಿದ್ದಿತು. ದಂಡವು ಹೊರಬೀಳುವ ದ್ವಾರವೂ ಅಪಾಯದ ಸ್ಥಳವೇ. ಲೋಹದ ಬೇರಿಂಗುಗಳು ನೀರಿನೊಳಗೆ ಬೇಗನೆ ಸವೆದು, ದಂಡವು ಅದುರಿ, ನೀರು ಒಳನುಗ್ಗುವುದು ಸಾಮಾನ್ಯವಾಗಿದ್ದಿತು. ೧೮೫೫ರ ಕೊನೆಯಲ್ಲಿ ‘ರಾಯಲ್ ಆಲ್ಬರ್ಟ್’ ಎಂಬ ದೊಡ್ಡ ಯುದ್ಧನೌಕೆಯು ಇಂತಹ ಸೋರಿಕೆಯಿಂದಲೇ ಗ್ರೀಸ್ ದೇಶದ ಕೆಯಾ ದ್ವೀಪದಲ್ಲಿ ದಡಹತ್ತಬೇಕಾಯಿತು. ಗ್ರೀನಿಚ್ಚಿನ ಜಾನ್ ಪೆನ್ನನು ಆ ದಶಕದ ನಡುವೆ ಇದಕ್ಕೆ ಮದ್ದನ್ನು ಕಂಡುಹಿಡಿದನು. ಅದಾವುದೆಂದರೆ, ನೀರಿನಲ್ಲಿ ಮುಳುಗುವಷ್ಟು ಭಾರವಾದ, ಅಂಟೆಣ್ಣೆಯುಳ್ಳ ‘ಲಿಗ್ನಮ್ ವೈಟೀ’ ಎಂಬ ಅಮೆರಿಕಾ ಖಂಡದ ಮರದ ಪಟ್ಟಿಗಳನ್ನು ಬೇರಿಂಗಿನೊಳಗೆ ಕೂರಿಸಿ, ಅವುಗಳ ಸಂದಿನಲ್ಲಿ ಸಮುದ್ರದ ನೀರನ್ನೇ ಹರಿಯಗೊಡುವುದು. ನೀರು ಎಣ್ಣೆಯ ಕೆಲಸವನ್ನು ಮಾಡಿತು. ಲೋಹವು ಸೋತ ಕಡೆ ಮರವು ಗೆದ್ದಿತು.

ಇಂಧನವನ್ನು ಉಳಿಸುವ ಎಂಜಿನುಗಳು ಬಂದು, ೧೮೬೯ರಲ್ಲಿ ಸೂಯೆಜ್ ಕಾಲುವೆಯೂ ತೆರೆದ ಮೇಲೆ, ದೊಡ್ಡ ಹಡಗುಗಳಿಗೆ ಹಾಯಿಯ ಅವಶ್ಯಕತೆ ಕ್ರಮೇಣ ತಪ್ಪಿತು. ಹಾಯಿ ಹೋದೊಡನೆ ತಿರುಪನ್ನು ಎತ್ತುವ ಅಗತ್ಯವೂ ಹೋಯಿತು. ‘ಗ್ರೇಟ್ ಬ್ರಿಟನ್’ ಹಡಗಿನ ವಿಧಿ ಮಾತ್ರ ವಿಪರೀತವಾದುದು. ೧೮೮೨ರಲ್ಲಿ ಅದರ ಎಂಜಿನನ್ನೇ ತೆಗೆದು, ಅದನ್ನು ಬರಿಯ ಹಾಯಿಹಡಗನ್ನಾಗಿ ಮಾಡಿದರು.

೩. ಹಿಡಿದ ಪಟ್ಟನ್ನು ಬಿಡದ ದಂಡ

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಪೆಟ್ರೋಲು ಮತ್ತು ಡೀಸೆಲ್ ಎಂಜಿನುಗಳು ಚಿಕ್ಕ ಹಾಯಿದೋಣಿಗಳನ್ನು ಹೊಕ್ಕಾಗ, ೧೮೪೦ರ ದಶಕದ ಸ್ಥಿತಿಯೇ ಮರಳಿ ಬಂದಂತಾಯಿತು: ಹಾಯಿ ಮುಖ್ಯ, ಎಂಜಿನು ಸಹಾಯಕ. ಸ್ಮಿತ್ತನ ಕಿಂಡಿಯೂ ಹಾಗೆಯೇ ಉಳಿಯಿತು. ಬಾವಿ ಮಾತ್ರ ಉಳಿಯಲಿಲ್ಲ. ಏಣು-ಗಾಡಿಗಳ ಜೋಡಣೆಯೂ ಉಳಿಯಲಿಲ್ಲ. ಹಾಯಿಯಲ್ಲಿ ಹೋಗುವಾಗಿನ ತಡೆಯನ್ನು ಕಡಮೆಮಾಡಲು ಮಡಿಸಿಕೊಳ್ಳುವ ರೆಕ್ಕೆಗಳನ್ನು ಕಲ್ಪಿಸಿದರು. ಆದರೆ ದಂಡವನ್ನು ಮಾತ್ರ ಎಂದಿಗೂ ಕಳಚುವಂತಿಲ್ಲವೆಂಬಂತೆ ಬಿಗಿದರು.

ಆ ಬಿಗಿಯ ಕ್ರಮ ಹೀಗಿದೆ. ದಂಡದ ಹೊರತುದಿಯು ಕ್ರಮವಾಗಿ ಕಿರಿದಾಗುತ್ತ ಹೋಗುತ್ತದೆ; ತಿರುಪಿನ ರಂಧ್ರವೂ ಹಾಗೆಯೇ. ನಟ್ಟನ್ನು ತಿರುಗಿಸಿದಷ್ಟೂ ಒಂದು ಮತ್ತೊಂದನ್ನು ಕಚ್ಚುತ್ತದೆ. ಒಳತುದಿಯಲ್ಲಿ ಒಂದು ಲೋಹದ ಬಿಲ್ಲೆಯಿದ್ದು, ಅದು ಬೋಲ್ಟುಗಳಿಂದ ಎಂಜಿನಿನ ಗೇರುಪೆಟ್ಟಿಗೆಗೆ ಸೇರುತ್ತದೆ. ಎರಡು ಕಡೆಯೂ ಜಾರದಂತೆ ಒಂದೊಂದು ಬೆಣೆಯನ್ನು ಕೂರಿಸಿರುತ್ತಾರೆ.

ಇದಕ್ಕೆ ಸಮುದ್ರದ ರಸಾಯನವು ಸೇರುತ್ತದೆ. ಉಪ್ಪುನೀರಿನಲ್ಲಿ ಎರಡು ಭಿನ್ನ ಲೋಹಗಳು ಸಂಪರ್ಕದಲ್ಲಿದ್ದರೆ ಒಂದು ಕರಗಿ ಮತ್ತೊಂದನ್ನು ಕಾಪಾಡುತ್ತದೆಂಬ ತತ್ತ್ವವನ್ನು ಸರ್ ಹಂಫ್ರಿ ಡೇವಿಯು ೧೮೨೪ರಲ್ಲಿ ಹಡಗುಗಳ ತಾಮ್ರದ ಹೊದಿಕೆಯ ಮೇಲೆ ಪರೀಕ್ಷಿಸಿದನು. ಸತು ಅಥವಾ ಕಬ್ಬಿಣದ ತುಂಡುಗಳನ್ನು ಸೇರಿಸಲು ತಾಮ್ರವೇನೋ ಉಳಿಯಿತು. ಆದರೆ ಅದರ ವಿಷವು ನೀರಿಗಿಳಿಯುವುದು ನಿಂತುದರಿಂದ ಪಾಚಿಯೂ ಚಿಪ್ಪುಪ್ರಾಣಿಗಳೂ ಹತ್ತಿಕೊಂಡವು. ಡೇವಿಯ ಉಪಾಯ ಅಂದು ಸೋತರೂ, ಇಂದು ತಿರುಪಿನ ದಂಡಗಳಿಗೆ ಕಟ್ಟುವ ಸತುವಿನ ತುಂಡು ಅದರ ಸಂತತಿಯೇ. ಒಳಗಿನ ಬಿಲ್ಲೆ ಸಾಮಾನ್ಯವಾಗಿ ಉಕ್ಕಿನದು ಅಥವಾ ಎರಕದ ಕಬ್ಬಿಣದ್ದು. ಅದರ ಮೇಲೆ ಸೋರಿದ ಉಪ್ಪುನೀರು ತೊಟ್ಟಿಕ್ಕಿದರೆ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ, ಬಿಲ್ಲೆಗೂ ದಂಡಕ್ಕೂ ನಡುವಣ ಕೂದಲೆಳೆಯಷ್ಟು ಸಂದು ತುಂಬಿ, ಎರಡೂ ಒಂದೇ ಆದಂತೆ ಬಿಗಿದುಕೊಳ್ಳುತ್ತವೆ. ತುಕ್ಕು ಹಿಡಿಯದೆಂದು ಹೆಸರಾದ ಸ್ಟೇನ್‌ಲೆಸ್ ಉಕ್ಕಿಗೂ ಗಾಳಿಯ ಆಮ್ಲಜನಕ ಬೇಕು. ಕೊಳವೆಯೊಳಗೆ ನಿಂತ ನೀರಿನಲ್ಲಿ ಅದು ದೊರೆಯದೆ ಹೋದರೆ ಆ ಉಕ್ಕಿನಲ್ಲಿಯೂ ಗುಳಿಗಳು ಬೀಳುತ್ತವೆ.

ಬಿಡಿಸುವ ಕ್ರಮವು ಅನುಭವದಿಂದ ಸಿದ್ಧವಾದುದು. ದೋಣಿಯನ್ನು ನೀರಿನಿಂದ ಮೇಲಕ್ಕೆ ತಂದು, ಮೊದಲು ತಿರುಪನ್ನು ಎಳೆಯುವ ಉಪಕರಣದಿಂದ ಸಡಿಲಿಸುತ್ತಾರೆ; ಅದು ಥಟ್ಟನೆ ಹಾರಿಬೀಳದಂತೆ ನಟ್ಟನ್ನು ಪೂರ್ತಿಯಾಗಿ ತೆಗೆಯದೆ ಎಳೆಗಳ ಮೇಲೆಯೇ ಬಿಟ್ಟಿರುತ್ತಾರೆ. ಬಳಿಕ ಒಳಗಿನ ಬಿಲ್ಲೆಯನ್ನು ಗೇರುಪೆಟ್ಟಿಗೆಯಿಂದ ಬೇರ್ಪಡಿಸಿ, ದಂಡವನ್ನು ಬಿಲ್ಲೆಗೆ ಬಿಗಿದ ತಿರುಪುಮೊಳೆಗಳನ್ನು ತೆಗೆದು, ದಂಡದ ತುದಿಗೂ ಗೇರುಪೆಟ್ಟಿಗೆಗೂ ನಡುವೆ ದಂಡಕ್ಕಿಂತ ಸಣ್ಣದಾದ ಲೋಹದ ತುಂಡೊಂದನ್ನಿಟ್ಟು, ಉದ್ದವಾದ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತಾರೆ. ಬಿಲ್ಲೆ ಮುಂದೆ ಬರುತ್ತದೆ; ದಂಡವು ಹಿಂದೆ ಸರಿಯುತ್ತದೆ. ಬಾರದಿದ್ದರೆ ಎಣ್ಣೆಯೂಡಿ ಒಂದು ದಿನ ಬಿಡುವುದು, ಬಿಲ್ಲೆಯನ್ನು ಮಾತ್ರ ಕಾಯಿಸಿ ಹಿಗ್ಗಿಸುವುದು, ಸುತ್ತಲೂ ಮೆಲ್ಲನೆ ತಟ್ಟುವುದು. ಸುತ್ತಿಗೆಯಿಂದ ಬಡಿದರೆ ಆ ಪೆಟ್ಟು ಗೇರುಪೆಟ್ಟಿಗೆಯ ಬೇರಿಂಗುಗಳಿಗೆ ತಗಲುವುದು. ಕೊನೆಗೆ ಬಿಲ್ಲೆಯನ್ನು ಸೀಳಿ ತೆಗೆದರೂ ನಷ್ಟವು ಅಲ್ಪವೇ, ದಂಡ ಉಳಿಯುತ್ತದೆ.

ಇಷ್ಟಾದ ಮೇಲೆ ದಂಡವು ಹಿಂದಕ್ಕೆ ಸರಿದು ಚುಕ್ಕಾಣಿಗೆ ತಾಗಿ ನಿಲ್ಲುತ್ತದೆ. ಇನ್ನು ಉಳಿದ ದಾರಿಗಳು ಮೂರು: ಚುಕ್ಕಾಣಿಯನ್ನೇ ಕಳಚುವುದು, ಚುಕ್ಕಾಣಿಯಲ್ಲಿ ದಂಡ ಹಾಯುವಷ್ಟು ರಂಧ್ರವನ್ನು ಕೊರೆಯುವುದು, ಇಲ್ಲವೆ ಎಂಜಿನನ್ನು ಎತ್ತಿ, ದಂಡವನ್ನು ಒಳಕ್ಕೇ ಎಳೆದುಕೊಳ್ಳುವುದು. ದಂಡವನ್ನು ನಡುಗೆರೆಯಿಂದ ತುಸು ಪಕ್ಕಕ್ಕೆ ಸರಿಸಿ ಕಟ್ಟಿದ ದೋಣಿಗಳಲ್ಲಿ ಮಾತ್ರ ಈ ಕಷ್ಟವಿಲ್ಲ. ಅವುಗಳನ್ನು ಕಟ್ಟಿದವನು ಮುಂದಿನ ದಿನವನ್ನು ನೆನೆದಿದ್ದನೆಂದು ಹೇಳಬೇಕು.

೪. ಉಪಸಂಹಾರ

ಮೇಲಿನ ವಿಚಾರದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಸ್ಮಿತ್ತನ ನಿರ್ಣಯವು ತಪ್ಪಾಗಿರಲಿಲ್ಲ. ಚುಕ್ಕಾಣಿಗೆ ಅದರಿಂದ ಬಂದ ಲಾಭವು ನಿಜವಾದುದು. ಆದರೆ ಆ ಲಾಭಕ್ಕೆ ತೆರಬೇಕಾದ ಬೆಲೆಯನ್ನು ೧೮೪೦-೬೦ರ ಶಿಲ್ಪಿಗಳು ಅರಿತಿದ್ದರು. ಆದುದರಿಂದಲೇ ಕಳಚುವ ಉಪಾಯವನ್ನು ಜೋಡಣೆಯಲ್ಲಿಯೇ ಇಟ್ಟರು. ಹಾಯಿಯ ವೇಗಕ್ಕಾಗಿ ಅವರು ಮಾಡಿದ ಆ ಏರ್ಪಾಡಿನಿಂದ ದುರಸ್ತಿಯೂ ಸುಲಭವಾಗಿದ್ದಿತು. ಮುಂದಿನವರು ಸ್ಥಾನವನ್ನು ಮಾತ್ರ ಉಳಿಸಿಕೊಂಡು, ಕಳಚುವ ಉಪಾಯವನ್ನು ಬಿಟ್ಟರು. ಹೀಗಾಗಿ ಒಬ್ಬನು ಸುಲಭವೆಂದು ಬಿಗಿದುದನ್ನು ಎರಡು ತಲೆಮಾರುಗಳ ಮೇಲೆ ಮತ್ತೊಬ್ಬನು ಬೆವರಿಳಿಸಿ ಬಿಡಿಸಬೇಕಾಗಿದೆ.

ನಮ್ಮ ಎತ್ತಿನ ಗಾಡಿಯನ್ನು ಇದಕ್ಕೆ ಹೋಲಿಸಿ ನೋಡಬಹುದು. ಅದರ ಚಕ್ರವನ್ನು ಇರಸಿನಲ್ಲಿ ಹಿಡಿದಿರುವುದು ಒಂದು ಕಡಾಣಿ. ಅದನ್ನು ಕಿತ್ತರೆ ಚಕ್ರವು ಹೊರಬರುತ್ತದೆ. ಕೀಲೆಣ್ಣೆಯನ್ನು ಹಾಕಿ ಮರಳಿ ಕೂರಿಸಬಹುದು. ಕಳಚಲು ಬರುವುದೇ ಆ ಗಾಡಿಯ ಆಯುಸ್ಸಿನ ಗುಟ್ಟು.

ಯಂತ್ರಗಳ ಇತಿಹಾಸವನ್ನು ಬರೆಯುವವರು ಯಾವುದನ್ನು ಯಾರು ಮೊದಲು ಜೋಡಿಸಿದರೆಂಬುದನ್ನು ದಿನಾಂಕದೊಡನೆ ದಾಖಲಿಸುತ್ತಾರೆ. ಅದನ್ನು ಯಾರು ಹೇಗೆ ಬಿಡಿಸಿದರೆಂಬುದನ್ನು ಬರೆದಿಡುವವರು ವಿರಳ. ‘ಗ್ರೇಟ್ ಬ್ರಿಟನ್’ ೧೯೭೦ರಲ್ಲಿ ಫಾಕ್‌ಲೆಂಡ್ ದ್ವೀಪಗಳಿಂದ ಬ್ರಿಸ್ಟಲಿಗೆ ಮರಳಿದುದೂ, ‘ವಾರಿಯರ್’ ೧೯೮೭ರಲ್ಲಿ ಪೋರ್ಟ್ಸ್‌ಮತ್ತಿಗೆ ಬಂದು ನಿಂತುದೂ ಹಳೆಯ ಹಡಗುಗಳನ್ನು ಉಳಿಸಬಲ್ಲ ಕೈಗಳಿದ್ದುದರಿಂದ. ಅಂತಹ ಕೈಗಳ ವಿದ್ಯೆಯು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದುದು. ಬರೆದಿಡದಿದ್ದರೆ ಅದು ಬಲ್ಲವರೊಡನೆಯೇ ಮುಗಿಯುವುದು. ಆದ ಕಾರಣ ಜೋಡಿಸುವ ಶಾಸ್ತ್ರದಷ್ಟೇ ಬಿಡಿಸುವ ಶಾಸ್ತ್ರವೂ ಇತಿಹಾಸಕ್ಕೆ ಸಲ್ಲತಕ್ಕ ವಿಷಯವೆಂದು ವಿದ್ವಾಂಸರು ಎಣಿಸಬೇಕಾಗಿದೆ.