ಫೋರ್ ವೀಲ್ ಡ್ರೈವ್ ಗಾಡಿಗೆ ಎರಡೇ ಹೊಸ ಟೈರ್ ಸಾಕೇ? ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿಸಬೇಕೇ?

ಏಪ್ರಿಲ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಮತ್ತೆ ಓಡಾಡಲು ಶುರುವಾಗುತ್ತದೆ. ಬಿಸಿಲಿಗೆ ಟೈರಿನೊಳಗಿನ ಗಾಳಿ ಹಿಗ್ಗಿ ಟೈರ್ ಸಿಡಿಯುತ್ತದೆ, ಆದ್ದರಿಂದ ಐದಾರು ಪಾಯಿಂಟ್ ಕಡಿಮೆ ಹಾಕಿಸಿ, ಎಲ್ಲರಿಗೂ ಕಳಿಸಿ ಎನ್ನುತ್ತದೆ ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬಿಸಿಲು 40 ಡಿಗ್ರಿ ದಾಟುವುದರಿಂದ ಮಾತು ನಿಜ ಅನ್ನಿಸುತ್ತದೆ. ಪಂಕ್ಚರ್ ಅಂಗಡಿಯಲ್ಲೂ "ಬ್ಯಾಸಗಿ ಐತ್ರಿ, ಸ್ವಲ್ಪ ಕಮ್ಮೀನ ಇರ್ಲಿ" ಎಂದೇ ಹೇಳುತ್ತಾರೆ. ಇದರ ಜೊತೆಗೆ ಇತ್ತೀಚೆಗೆ ಇನ್ನೊಂದು ನಂಬಿಕೆ ಸೇರಿಕೊಂಡಿದೆ: ಗಾಡಿ ಫೋರ್ ವೀಲ್ ಡ್ರೈವ್ ಇದ್ದರೆ ಟೈರ್ ಸ್ವಲ್ಪ ಸವೆದಿದ್ದರೂ ನಡೆಯುತ್ತದೆ, ಬದಲಿಸಲೇಬೇಕಾದರೆ ಎರಡು ಸಾಕು.

ಎರಡೂ ತಪ್ಪು. ಮೊದಲನೆಯದು ಜೀವಕ್ಕೆ ಅಪಾಯ. ಎರಡನೆಯದು ಜೀವಕ್ಕೂ ಅಪಾಯ, ಜೇಬಿಗೂ ಕತ್ತರಿ.

ಟೈರ್ ಸಿಡಿಯುವುದು ಏಕೆ?

ಬಿಸಿಗೆ ಗಾಳಿ ಹಿಗ್ಗುವುದು ನಿಜ. ಎಷ್ಟು ಹಿಗ್ಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಬೆಳಿಗ್ಗೆ 27 ಡಿಗ್ರಿ ಇದ್ದಾಗ 33 ಪಾಯಿಂಟ್ ಗಾಳಿ ಹಾಕಿಸಿದ್ದೀರಿ. ಮಧ್ಯಾಹ್ನ ಹೆದ್ದಾರಿಯಲ್ಲಿ ಓಡಿ ಟೈರಿನೊಳಗಿನ ಗಾಳಿ 57 ಡಿಗ್ರಿಗೆ ಏರಿತು ಎಂದುಕೊಳ್ಳಿ. ಆಗ ಒತ್ತಡ ಸುಮಾರು 38 ಪಾಯಿಂಟ್ ಆಗುತ್ತದೆ, ಅಷ್ಟೇ. ಕಾರಿನ ಟೈರುಗಳ ಗೋಡೆಯ ಮೇಲೆ ಸಾಮಾನ್ಯವಾಗಿ 44 ಅಥವಾ 51 ಪಾಯಿಂಟ್ ಗರಿಷ್ಠ ಮಿತಿ ಎಂದು ಅಚ್ಚು ಹಾಕಿರುತ್ತಾರೆ. ಒಳ್ಳೆಯ ಟೈರ್ ಒಡೆಯಬೇಕಾದರೆ ಆ ಮಿತಿಯನ್ನೂ ಎಷ್ಟೋ ಪಟ್ಟು ಮೀರಬೇಕು. ಈ ಐದು ಪಾಯಿಂಟ್ ಏರಿಕೆ ಕಂಪನಿಯವರ ಲೆಕ್ಕದಲ್ಲಿ ಮೊದಲೇ ಸೇರಿರುತ್ತದೆ.

ಅಪಾಯ ಇರುವುದು ಗಾಳಿ ಕಡಿಮೆಯಾದಾಗ. ಟೈರಿನ ಗೋಡೆ ಪ್ರತಿ ಸುತ್ತಿನಲ್ಲೂ ನೆಲಕ್ಕೆ ತಾಗುವಾಗ ಮಡಚಿ, ಮೇಲೆ ಹೋಗುವಾಗ ನೆಟ್ಟಗಾಗುತ್ತದೆ. ಗಾಳಿ ಕಡಿಮೆಯಿದ್ದರೆ ಮಡಿಕೆ ಜಾಸ್ತಿ. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಬಿಸಿಯಾಗಿ ತುಂಡಾಗುತ್ತದಲ್ಲ, ಹಾಗೆಯೇ. ರಬ್ಬರ್ ಒಳಗಿಂದಲೇ ಕಾಯುತ್ತದೆ, ಒಳಗಿನ ಉಕ್ಕಿನ ಎಳೆಗಳ ಪದರ ಬಿಡುತ್ತದೆ, ಒಂದು ಹೊತ್ತಿನಲ್ಲಿ ಟೈರ್ ಕಿತ್ತು ಹೋಗುತ್ತದೆ. ಸುಡುವ ಡಾಂಬರು, ಗಾಡಿ ತುಂಬ ಏಳು ಜನ, ಡಿಕ್ಕಿ ತುಂಬ ಸಾಮಾನು, ನೂರರ ವೇಗ, ಅದರ ಮೇಲೆ ಆರು ಪಾಯಿಂಟ್ ಕಡಿಮೆ ಗಾಳಿ. ಸೊಲ್ಲಾಪುರದಿಂದ ಝಳಕಿ ದಾಟಿ ವಿಜಯಪುರಕ್ಕೆ ಬರುವ ಹೆದ್ದಾರಿಯಲ್ಲಿ ಟೈರ್ ಕೈಕೊಡಲು ಇಷ್ಟು ಸಾಕು.

ಸರಿಯಾದ ಒತ್ತಡ ಎಷ್ಟೆಂದು ಅಂಗಡಿಯವರನ್ನು ಕೇಳಬೇಕಿಲ್ಲ. ಡ್ರೈವರ್ ಬಾಗಿಲು ತೆರೆದರೆ ಪಕ್ಕದ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ. ಅನೇಕ ಗಾಡಿಗಳಲ್ಲಿ ಕಡಿಮೆ ಜನರಿದ್ದಾಗ ಒಂದು ಅಳತೆ, ತುಂಬಿದಾಗ ಇನ್ನೊಂದು ಅಳತೆ ಇರುತ್ತದೆ. ಸಂಕ್ರಮಣಕ್ಕೆ ಇಡೀ ಮನೆಮಂದಿ ಸಿದ್ದೇಶ್ವರ ಜಾತ್ರೆಗೆ ಹೊರಟಿದ್ದರೆ ಎರಡನೆಯದನ್ನು ನೋಡಿ. ಗಾಳಿ ಅಳೆಯುವುದು ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ. ದಾರಿಯಲ್ಲಿ ಬಿಸಿ ಟೈರಿನಲ್ಲಿ 38 ಕಂಡಿತೆಂದು ಗಾಬರಿಯಾಗಿ ಗಾಳಿ ಬಿಡಬೇಡಿ. ನೈಟ್ರೋಜನ್ ಹಾಕಿಸಿದರೆ ಸಿಡಿಯುವುದಿಲ್ಲ ಎನ್ನುವುದೂ ಹೀಗೆಯೇ ಹರಡಿದ ಮಾತು. ನಾವು ಉಸಿರಾಡುವ ಗಾಳಿಯಲ್ಲೇ 78% ನೈಟ್ರೋಜನ್ ಇದೆ, ಬಿಸಿಗೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಹಿಗ್ಗುತ್ತವೆ. ಹಾಕಿಸಿದರೆ ತಪ್ಪಿಲ್ಲ, ಹಾಕಿಸದಿದ್ದರೆ ನಷ್ಟವೂ ಇಲ್ಲ.

ಫೋರ್ ವೀಲ್ ಡ್ರೈವ್ ಬ್ರೇಕ್ ಅಲ್ಲ

ಫೋರ್ ವೀಲ್ ಡ್ರೈವ್ ಮಾಡುವ ಕೆಲಸ ಒಂದೇ: ಇಂಜಿನ್ನಿನ ಶಕ್ತಿಯನ್ನು ನಾಲ್ಕೂ ಗಾಲಿಗೆ ಹಂಚಿ ಗಾಡಿಯನ್ನು ಮುಂದಕ್ಕೆ ತಳ್ಳುವುದು. ಬ್ರೇಕ್ ಒತ್ತಿದಾಗ ಸಾಧಾರಣ ಕಾರಿನಲ್ಲೂ ನಾಲ್ಕೂ ಗಾಲಿ ಹಿಡಿಯುತ್ತವೆ, ಇದರಲ್ಲೂ ಅಷ್ಟೇ. ತಿರುವಿನಲ್ಲಿ ಜಾರುವಾಗಲೂ ಅದರಿಂದ ಹೆಚ್ಚಿನ ಸಹಾಯ ಸಿಗದು. ಆಗ ರಸ್ತೆಯನ್ನು ಹಿಡಿದುಕೊಳ್ಳುವುದು ಅಂಗೈಯಷ್ಟು ಅಗಲದ ನಾಲ್ಕು ರಬ್ಬರ್ ತುಂಡುಗಳು ಮಾತ್ರ. ಗಾಡಿ ಭಾರವಾದಷ್ಟೂ ಅವುಗಳ ಮೇಲಿನ ಹೊರೆ ಹೆಚ್ಚು.

ನಮ್ಮ ಕಡೆ ಇದಕ್ಕೆ ವಿಶೇಷ ಅರ್ಥವಿದೆ. ಡೋಣಿ ನದಿಯ ಆಸುಪಾಸಿನ ಎರಿ ಹೊಲಗಳಿಂದ ಟ್ರ್ಯಾಕ್ಟರ್‌ಗಳು ಮಳೆಗಾಲದಲ್ಲಿ ಡಾಂಬರಿನ ಮೇಲೆ ಮಣ್ಣಿನ ಹೆಂಟೆಗಳನ್ನು ಬೀಳಿಸಿ ಹೋಗುತ್ತವೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ರಸ್ತೆಗೆ ಗ್ರೀಸ್ ಹಚ್ಚಿದಂತಾಗುತ್ತದೆ. ಸವೆದ ಟೈರಿನ ಗಾಡಿ ಅಲ್ಲಿಂದ ಸಲೀಸಾಗಿ ಹೊರಟುಬಿಡುತ್ತದೆ, ಏಕೆಂದರೆ ನಾಲ್ಕು ಗಾಲಿ ತಳ್ಳುತ್ತಿವೆ. ಡ್ರೈವರ್‌ಗೆ ರಸ್ತೆ ಚೆನ್ನಾಗಿದೆ ಎಂಬ ಭ್ರಮೆ ಬರುತ್ತದೆ. ಮುಂದೆ ಎಮ್ಮೆ ಅಡ್ಡ ಬಂದು ಬ್ರೇಕ್ ಒತ್ತಿದಾಗಲೇ ಸತ್ಯ ಗೊತ್ತಾಗುವುದು.

ಕಾನೂನಿನ ಪ್ರಕಾರ ಕಾರಿನ ಟೈರಿನ ಗೀರಿನ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಮುಗಿಯಿತು. ಆದರೆ ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ. ನೀರನ್ನು ಪಕ್ಕಕ್ಕೆ ದಬ್ಬುವ ಶಕ್ತಿ 3 ಮಿಲಿಮೀಟರ್ ಹೊತ್ತಿಗೇ ಬಹಳ ಕುಗ್ಗಿರುತ್ತದೆ.

ಎರಡು ಬದಲಿಸಿದರೆ ಏನಾಗುತ್ತದೆ?

ಮಹೀಂದ್ರಾ ಎಕ್ಸ್‌ಯುವಿ 700ರಲ್ಲಿ 235/60 ಆರ್ 18 ಅಳತೆಯ ಟೈರ್ ಬರುತ್ತದೆ. ಎರಡು ಹೊಸವು, ಉಳಿದೆರಡು 5 ಮಿಲಿಮೀಟರ್ ಸವೆದವು ಎಂದುಕೊಳ್ಳಿ. ಸವೆದ ಗಾಲಿ ಚಿಕ್ಕದಾದ್ದರಿಂದ ಕಿಲೋಮೀಟರಿಗೆ ಸುಮಾರು 6 ಸುತ್ತು ಹೆಚ್ಚು ತಿರುಗಬೇಕು. ವಿಜಯಪುರದಿಂದ ಸಿಂದಗಿಗೆ 60 ಕಿಲೋಮೀಟರ್ ಹೋಗುವಷ್ಟರಲ್ಲಿ 350 ಸುತ್ತಿನ ವ್ಯತ್ಯಾಸ. ಆಲ್ ವೀಲ್ ಡ್ರೈವ್ ಇರುವ ಎಕ್ಸ್‌ಯುವಿ 700, ಗ್ರ್ಯಾಂಡ್ ವಿಟಾರಾದಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಒಂದು ಕ್ಲಚ್ ಇರುತ್ತದೆ. ವೇಗದಲ್ಲಿ ವ್ಯತ್ಯಾಸ ಕಂಡರೆ ಎಲ್ಲೋ ಗಾಲಿ ಜಾರುತ್ತಿದೆ ಎಂದು ಗಾಡಿಯ ಕಂಪ್ಯೂಟರ್ ತಿಳಿಯಬಹುದು. ಒಣ ರಸ್ತೆಯಲ್ಲೂ ಆ ಕ್ಲಚ್ ಸುಮ್ಮನೆ ದುಡಿದು ಕಾಯುತ್ತದೆ. ಅದು ಹಾಳಾದರೆ ಎರಡು ಟೈರಿನಲ್ಲಿ ಉಳಿಸಿದ ಹಣ ಎಲ್ಲಿ ಹೋಯಿತೆಂದು ಕೇಳಬೇಡಿ.

ಥಾರ್, ಜಿಮ್ನಿ, ಸ್ಕಾರ್ಪಿಯೋ ಎನ್, ಫಾರ್ಚೂನರ್ ಬೇರೆ ಬಗೆಯವು. ಬೇಕೆಂದಾಗ ಮಾತ್ರ ಫೋರ್ ವೀಲ್ ಹಾಕಿಕೊಳ್ಳುವಂಥವು. ಟೂ ವೀಲ್‌ನಲ್ಲಿ ಓಡುವಾಗ ಈ ತೊಂದರೆ ಇಲ್ಲ. ಫೋರ್ ವೀಲ್ ಹಾಕಿದೊಡನೆ ಮುಂದಿನ ಹಿಂದಿನ ಗಾಲಿಗಳು ಒಂದೇ ಸರಪಳಿಗೆ ಕಟ್ಟಿದಂತಾಗುತ್ತವೆ, ಕೆಸರಿನಲ್ಲಾದರೆ ಜಾರಿ ಸರಿಹೋಗುತ್ತವೆ, ಗಟ್ಟಿ ಡಾಂಬರಿನಲ್ಲಿ ಗೇರುಗಳೊಳಗೆ ಬಿಗಿತ ಕೂಡುತ್ತದೆ. ಟೈರ್ ಅಳತೆ ಬೇರೆ ಬೇರೆ ಇದ್ದರಂತೂ ಇನ್ನಷ್ಟು.

ಹಾಗಾಗಿ ನಾಲ್ಕೂ ಒಟ್ಟಿಗೆ, ಒಂದೇ ಕಂಪನಿಯದು, ಒಂದೇ ಮಾದರಿ. ಬರೀ ಮುಂದಿನ ಗಾಲಿ ತಿರುಗುವ ಸಾಧಾರಣ ಕಾರಾದರೆ ಎರಡು ಬದಲಿಸಬಹುದು, ಆದರೆ ಹೊಸವು ಹಿಂದೆ ಇರಬೇಕು. ಅಂಗಡಿಯಲ್ಲಿ ಮುಂದಕ್ಕೆ ಹಾಕಲು ಹೊರಡುತ್ತಾರೆ, ಬೇಡ ಎನ್ನಿ. ಹಿಂದಿನ ಗಾಲಿ ಜಾರಿದರೆ ಗಾಡಿ ಬುಗುರಿಯಂತೆ ತಿರುಗುತ್ತದೆ, ಅದನ್ನು ಸಂಭಾಳಿಸುವುದು ನಮ್ಮಂಥವರಿಂದ ಆಗದು.

ಜಾಲಿ ಮುಳ್ಳಿನ ನಾಡಿನಲ್ಲಿ ಒಂದು ಉಪಾಯವಿದೆ. ಸ್ಪೇರ್ ಟೈರ್ ಉಳಿದವುಗಳಷ್ಟೇ ದೊಡ್ಡದಿದ್ದರೆ ಅದನ್ನೂ ಸೇರಿಸಿ ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಐದನ್ನೂ ಜಾಗ ಬದಲಿಸಿ. ಐದೂ ಸಮ ಸವೆಯುತ್ತವೆ, ಒಂದರ ಗೋಡೆ ಹರಿದರೆ ಜೋಡಿಗೆ ಒಂದು ಸಿದ್ಧವಿರುತ್ತದೆ. ಗೋಡೆಯಲ್ಲಿ ಆದ ತೂತಿಗೆ ಪಂಕ್ಚರ್ ಹಾಕಿಸಿ ಹೆದ್ದಾರಿಗೆ ಹೋಗಬೇಡಿ.

ಯಾವ ಟೈರ್?

ದೊಡ್ಡ ಗಟ್ಟಿಗಳಿರುವ ಮಡ್ ಟೈರ್ ಹಾಕಿದರೆ ಎರಿ ಹೊಲದಲ್ಲಿ ಹೂತುಕೊಳ್ಳುವುದಿಲ್ಲ ಎಂದು ಹುಡುಗರು ಆಸೆಪಡುತ್ತಾರೆ. ಎರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಸಾಧಾರಣ ಟೈರಿನ ಗೀರು ಒಂದೆರಡು ಸುತ್ತಿಗೇ ಮುಚ್ಚಿ ಗಾಲಿ ರೊಟ್ಟಿಹಂಚಿನಂತೆ ನುಣ್ಣಗಾಗುತ್ತದೆ. ಮಡ್ ಟೈರ್ ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೇ. ಮಳೆಯಾದ ಮರುದಿನ ಎರಿ ಹೊಲಕ್ಕೆ ಗಾಡಿ ಇಳಿಸಬಾರದು ಎಂಬುದು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಉಳಿದ ಮುನ್ನೂರು ದಿನ ಆ ಟೈರ್ ಡಾಂಬರಿನ ಮೇಲೆ ಗುಂಯ್‌ಗುಡುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಒದ್ದೆ ರಸ್ತೆಯಲ್ಲಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ನನ್ನ ಸಲಹೆ: ಶಾಲೆ, ಸಂತೆ, ಆಸ್ಪತ್ರೆ, ಹೆದ್ದಾರಿ ಎಂದು ಓಡಾಡುವ ಮನೆಗೆ ರಸ್ತೆಯ ಟೈರ್, ಅಂದರೆ ಎಚ್.ಟಿ. ವಾರಕ್ಕೆ ನಾಲ್ಕು ದಿನ ತೋಟದ ಕಲ್ಲುದಾರಿ ಇದ್ದರೆ ಎ.ಟಿ.

ಅಳತೆಯ ಪಕ್ಕದಲ್ಲಿರುವ ಭಾರದ ಸಂಖ್ಯೆ ಹಳೆಯ ಟೈರಿಗಿಂತ ಕಡಿಮೆ ಇರಬಾರದು. 100 ಎಂದರೆ ಒಂದು ಟೈರ್ 800 ಕೆಜಿ ಹೊರುತ್ತದೆ, 103 ಎಂದರೆ 875 ಕೆಜಿ. ಐಎಸ್‌ಐ ಗುರುತು ನೋಡಿ. ಒದ್ದೆ ರಸ್ತೆಯ ಹಿಡಿತಕ್ಕೆ ಭಾರತದಲ್ಲಿ ಕಡ್ಡಾಯ ಮಾನದಂಡ ಬಂದದ್ದು ಹೊಸ ವಿನ್ಯಾಸದ ಟೈರುಗಳಿಗೆ 2022ರ ಅಕ್ಟೋಬರ್ 1ರಿಂದ, ಉಳಿದವುಗಳಿಗೆ 2023ರ ಏಪ್ರಿಲ್ 1ರಿಂದ. ಸವೆದ ಟೈರಿಗೆ ಬಿಸಿ ಕತ್ತಿಯಿಂದ ಗೀರು ಕೊರೆದು ಮಾರುವ ಸೆಕೆಂಡ್ ಹ್ಯಾಂಡ್ ಮಾಲಿಗೆ ಇಂಥ ಯಾವ ಭರವಸೆಯೂ ಇಲ್ಲ. ಗೀರಿನ ತಳದ ದಿಬ್ಬಗಳು ತುಂಡಾಗಿದ್ದರೆ ಅದು ಕೊರೆದದ್ದೇ.

ಕೊನೆಗೆ ಟೈರ್ ಗೋಡೆಯ ಮೇಲೆ ಡಿಒಟಿ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2324 ಎಂದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಕೆಲವೊಮ್ಮೆ ಈ ಅಂಕಿಗಳು ಒಳಮುಖದ ಗೋಡೆಯಲ್ಲಿ ಮಾತ್ರ ಇರುತ್ತವೆ, ಆದ್ದರಿಂದ ರಿಮ್ಮಿಗೆ ಕೂರಿಸುವ ಮೊದಲೇ ನೋಡಬೇಕು. ನಿಮ್ಮ ಹಳೆಯ ಟೈರಿನಲ್ಲೂ, ಡಿಕ್ಕಿಯ ಸ್ಪೇರ್‌ನಲ್ಲೂ ಇವನ್ನು ಹುಡುಕಿ. ಗೀರು ಚೆನ್ನಾಗಿದ್ದರೂ ಆರು ವರ್ಷ ದಾಟಿ, ಗೋಡೆಯಲ್ಲಿ ಬಿರುಕು ಕಂಡರೆ ಈ ಬಿಸಿಲಿನಲ್ಲಿ ಆ ರಬ್ಬರಿನ ಆಯುಸ್ಸು ಮುಗಿದಿದೆ.