ಜೊಲ್ಲುರಸದ ಗ್ಲೂಕೋಸ್ ಮತ್ತು ಮಧುಮೇಹದ ನಿರ್ಣಯ

ಮಧುಮೇಹವೆಂದು ಹೇಳಲು ವೈದ್ಯಲೋಕ ಒಪ್ಪಿರುವ ಅಳತೆಗಳೆಲ್ಲ ರಕ್ತದವು: ಬರಿಹೊಟ್ಟೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ, ಗ್ಲೂಕೋಸ್ ಕುಡಿದ ಎರಡು ಗಂಟೆಯ ಮೇಲೆ 200, ಇಲ್ಲವೇ ಎಚ್‌ಬಿಎ1ಸಿ ಶೇ. 6.5. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ. ಸೂಜಿಯಿಲ್ಲದೆ ಉಗುಳಿನಲ್ಲೇ ಪತ್ತೆಯಾದರೆ ಎಷ್ಟು ಅನುಕೂಲ ಎಂಬ ಆಸೆ ಹುಟ್ಟುವುದು ಸಹಜ.

ಆದರೆ ಜೊಲ್ಲುರಸದಲ್ಲಿ ಗ್ಲೂಕೋಸ್ ಇರುವುದು ರಕ್ತದಲ್ಲಿರುವುದರ ಸುಮಾರು ನೂರನೆಯ ಒಂದು ಪಾಲು ಮಾತ್ರ. ಅಷ್ಟು ಅಲ್ಪವನ್ನು ಅಳೆಯುವ ಸಂವೇದಕ ಇಂದು ಕಷ್ಟವೇನಲ್ಲ. ಆಸ್ಟ್ರೇಲಿಯಾದ ನ್ಯೂಕಾಸಲ್ ವಿಶ್ವವಿದ್ಯಾಲಯದ ಪಾಲ್ ದಸ್ತೂರ್ ತಂಡ ಸಾವಯವ ಟ್ರಾನ್ಸಿಸ್ಟರಿನ ಪಟ್ಟಿಯನ್ನು ಇದಕ್ಕೆಂದೇ ರೂಪಿಸಿದೆ. ಹಟ ಹಿಡಿದಿರುವುದು ಬಾಯಿ. ಸಾಮಾನ್ಯ ಪ್ರಯೋಗಾಲಯಗಳಲ್ಲಿ ನಡೆಯುವ ಪರೀಕ್ಷೆಯನ್ನೇ ನೋಡೋಣ. ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಗ್ಲೂಕೋಸಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ಅದು ಬಣ್ಣ ಬರಿಸುತ್ತದೆ, ಬಣ್ಣದ ಗಾಢತೆಯೇ ಅಳತೆ. ಜೊಲ್ಲುರಸದಲ್ಲೋ ತನ್ನದೇ ಪೆರಾಕ್ಸಿಡೇಸ್ ಇದೆ, ಥಯೋಸಯನೇಟ್ ಇದೆ. ಇವೆರಡೂ ಸೇರಿ ಅದೇ ಪೆರಾಕ್ಸೈಡನ್ನು ನುಂಗುತ್ತವೆ. ಧೂಮಪಾನಿಗಳಲ್ಲಂತೂ ಥಯೋಸಯನೇಟ್ ಇನ್ನೂ ಹೆಚ್ಚು. ಯೂರಿಕ್ ಆಮ್ಲ, ಸಿ ಜೀವಸತ್ವಗಳೂ ಲೆಕ್ಕ ಕೆಡಿಸುತ್ತವೆ. ಇತ್ತ ಬಾಯಿಯ ಬ್ಯಾಕ್ಟೀರಿಯಾಗಳು ಗ್ಲೂಕೋಸನ್ನು ತಿನ್ನುತ್ತಿರುತ್ತವೆ, ಅತ್ತ ಹಲ್ಲಿನ ಸಂದಿಯ ಅನ್ನದಗುಳು ಸಕ್ಕರೆ ಕೂಡಿಸುತ್ತಿರುತ್ತದೆ. ಎಲೆಅಡಿಕೆ ಜಗಿದರೆ ಜೊಲ್ಲು ಹೆಚ್ಚುತ್ತದೆ. ಬಹಳಷ್ಟು ಮಧುಮೇಹಿಗಳಿಗೆ ಬಾಯಿ ಒಣಗುತ್ತದೆ. ಸ್ರವಿಸುವ ವೇಗ ಬದಲಾದರೆ ಸಾಂದ್ರತೆಯೂ ಬದಲಾಗುತ್ತದೆ.

ರಕ್ತದ ಮತ್ತು ಜೊಲ್ಲಿನ ಗ್ಲೂಕೋಸ್ ಒಟ್ಟಿಗೆ ಏರುತ್ತವೆಂದು ತೋರಿಸುವ ಅಧ್ಯಯನಗಳು ಹಲವಿವೆ. ನನ್ನ ತಕರಾರು ಇಲ್ಲೇ. ಗುಂಪಿನ ಸರಾಸರಿಗಳು ಜೊತೆಗೂಡಿ ಏರಿದ ಮಾತ್ರಕ್ಕೆ ಎದುರಿಗೆ ಕೂತ ಒಬ್ಬ ರೋಗಿಯ ನಿರ್ಣಯ ಸಿಕ್ಕದು. ಆರೋಗ್ಯವಂತರ ಗರಿಷ್ಠ ಮೌಲ್ಯ ಮಧುಮೇಹಿಗಳ ಕನಿಷ್ಠವನ್ನು ದಾಟಿಬಿಟ್ಟರೆ, ನಡುವಿನವರನ್ನು ಯಾವ ಪಟ್ಟಿಗೆ ಸೇರಿಸುವುದು? ಹೊಸ್ತಿಲಲ್ಲಿರುವವರು ಬೀಳುವುದೂ ಅಲ್ಲಿಯೇ. 1,5-ಆನ್‌ಹೈಡ್ರೋಗ್ಲೂಸಿಟಾಲ್‌ನಂಥ ಬೇರೆ ಸೂಚಕಗಳು ನನಗೆ ಹೆಚ್ಚು ಭರವಸೆಯವಾಗಿ ಕಾಣುತ್ತವೆ. ಇದು ಸಕ್ಕರೆ ಮೂತ್ರಕ್ಕೆ ಹರಿಯುವಷ್ಟು ಏರಿದಾಗ ದೇಹದಲ್ಲಿ ಇಳಿಯುವ ವಸ್ತು, ಜೊಲ್ಲಿನಲ್ಲೂ ಅಳೆಯಬಹುದು.

ಸದ್ಯಕ್ಕೆ ಜೊಲ್ಲುಪರೀಕ್ಷೆಯನ್ನು ಜರಡಿಯಾಗಿ ಬಳಸಬಹುದು, ತೀರ್ಪಾಗಿ ಅಲ್ಲ. ಈ ವಿಷಯದಲ್ಲಿ ದುಡಿಯುವವರು ಜೊಲ್ಲು ಹಿಡಿದ ಹೊತ್ತು, ಉಂಡು ಕಳೆದ ಸಮಯ, ಸ್ರವಿಸುವ ವೇಗ, ತಂಬಾಕು-ಅಡಿಕೆಯ ಅಭ್ಯಾಸ ಇವನ್ನೆಲ್ಲ ದಾಖಲಿಸಲಿ. ಸಹಸಂಬಂಧದ ಅಂಕಿಯ ಜೊತೆಗೆ ತಪ್ಪಾಗಿ ವಿಂಗಡಿಸಲ್ಪಟ್ಟವರ ಸಂಖ್ಯೆಯನ್ನೂ ಪ್ರಕಟಿಸಲಿ.