ಹೊರಡುವ ಮೊದಲೇ ಗೊತ್ತಾದ ದಾರಿ: ‘ಸಿಟೀಸ್: ಸ್ಕೈಲೈನ್ಸ್’ ಆಟದ ವಾಹನ ದಟ್ಟಣೆ ಕುರಿತು

ಫಿನ್‌ಲೆಂಡಿನ ಕೊಲೋಸಲ್ ಆರ್ಡರ್ ತಂಡ ರೂಪಿಸಿದ, ಊರು ಕಟ್ಟುವ ವಿಡಿಯೊ ಆಟ ‘ಸಿಟೀಸ್: ಸ್ಕೈಲೈನ್ಸ್’ 2015ರ ಮಾರ್ಚಿನಲ್ಲಿ ಬಂತು. ಅದಕ್ಕೂ ಮೊದಲು ಇದೇ ತಂಡ ‘ಸಿಟೀಸ್ ಇನ್ ಮೋಷನ್’ ಎಂಬ ಸಾರಿಗೆ ಆಟವನ್ನು ಮಾಡಿತ್ತು. ಆ ಅನುಭವದ ಗುರುತು ಇಲ್ಲಿ ಎದ್ದು ಕಾಣುತ್ತದೆ. ರಸ್ತೆ ಕಟ್ಟಿಕೊಂಡರೆ ಅಂಗಡಿಗೆ ಸರಕು ಬರುವುದಿಲ್ಲ, ಕಸ ಎತ್ತುವ ಲಾರಿ ಮುಟ್ಟುವುದಿಲ್ಲ, ಬೆಂಕಿ ಬಿದ್ದ ಮನೆಗೆ ನೀರು ಸಿಗುವುದಿಲ್ಲ.

ದಟ್ಟಣೆ ಕಂಡೊಡನೆ ಆಟಗಾರ ರಸ್ತೆ ಅಗಲ ಮಾಡುತ್ತಾನೆ. ಆರು ಲೇನ್ ಆದ ಮೇಲೂ ಸಾಲು ಕರಗುವುದಿಲ್ಲ. ಒಂದೇ ಲೇನಿನಲ್ಲಿ ವಾಹನಗಳು ಮೈಲುದ್ದ ನಿಂತಿರುತ್ತವೆ, ಪಕ್ಕದ ಲೇನುಗಳು ಬರಿದಾಗಿರುತ್ತವೆ. ಇದನ್ನು ಆಟದ ದೋಷವೆಂದು ತಳ್ಳಿಹಾಕುವವರು ಬಹಳ. ನನ್ನ ವಾದ ಬೇರೆ: ಆಟ ಅತ್ಯಂತ ಸ್ಪಷ್ಟವಾಗಿ ತನ್ನ ನಿಯಮವನ್ನು ಬಿಚ್ಚಿ ತೋರಿಸುವುದು ಇಲ್ಲಿಯೇ. ಪ್ರತಿ ವಾಹನವೂ ಹೊರಡುವಾಗಲೇ ದಾರಿಯನ್ನು ಲೆಕ್ಕ ಹಾಕಿಕೊಳ್ಳುತ್ತದೆ, ಯಾವ ಲೇನು ಎಂಬುದೂ ಆ ಲೆಕ್ಕದೊಳಗೇ ಸೇರಿದೆ. ಮುಂದೆ ಸಾಲು ನಿಂತಿದೆಯೆಂದು ಅದು ನಡುದಾರಿಯಲ್ಲಿ ಮನಸ್ಸು ಬದಲಿಸುವುದಿಲ್ಲ. ಎಲ್ಲರೂ ಒಂದೇ ತಿರುವಿನಲ್ಲಿ ಹೊರಳಬೇಕಿದ್ದರೆ ಎಲ್ಲರಿಗೂ ಆ ತಿರುವಿನ ಲೇನೇ ಬೇಕು. ಆದ್ದರಿಂದ ಇಲ್ಲಿ ಫಲ ಕೊಡುವುದು ಅಗಲವಲ್ಲ, ಕೂಡುರಸ್ತೆಗಳ ನಡುವಿನ ಅಂತರ ಮತ್ತು ಲೇನುಗಳ ಲೆಕ್ಕ: ಮೂರು ಲೇನಿನ ಹೆದ್ದಾರಿಯಿಂದ ಒಂದು ಕವಲೊಡೆದರೆ ಮುಂದೆ ಎರಡೇ ಉಳಿಯಬೇಕು.

ಬ್ರಿಟನ್ನಿನ ಜಾನ್ ವಾರ್ಡ್‌ರಾಪ್ 1952ರಲ್ಲಿ ಮಂಡಿಸಿದ ತತ್ತ್ವವನ್ನು ಇದರ ಎದುರಿಗಿಟ್ಟು ನೋಡಬೇಕು. ದಾರಿ ಬದಲಿಸಿ ಯಾರೂ ತಮ್ಮ ಸಮಯ ಉಳಿಸಿಕೊಳ್ಳಲಾರದ ಹಂತದಲ್ಲಿ ಸಂಚಾರ ನೆಲೆಗೊಳ್ಳುತ್ತದೆ ಎಂಬುದು ಅದರ ಸಾರ. ಅಂಥ ಸಮತೋಲಕ್ಕೆ ನೆನಪು ಬೇಕು. ನಿನ್ನೆ ಸಿಕ್ಕಿಹಾಕಿಕೊಂಡವನು ಇಂದು ಬೇರೆ ಬೀದಿ ಹಿಡಿಯಬೇಕು. ಆಟದ ನಾಗರಿಕನಿಗೆ ನಿನ್ನೆ ಎಂಬುದೇ ಇಲ್ಲ. ಅವನ ಬದಲು ಕಲಿಯುವವನು ಆಟಗಾರ; ನೆನಪಿನ ಹೊರೆಯೆಲ್ಲ ರಸ್ತೆಯ ವಿನ್ಯಾಸದ ಮೇಲೆ ಬೀಳುತ್ತದೆ.

ಹೆದ್ದಾರಿ, ಮುಖ್ಯರಸ್ತೆ, ಒಳಬೀದಿ ಎಂಬ ಶ್ರೇಣಿಯನ್ನು ಅನುಭವಿ ಆಟಗಾರರು ಹೊಸಬರಿಗೆ ಮೊದಲ ಪಾಠವಾಗಿ ಹೇಳುತ್ತಾರೆ. ಕಾಲಿನ್ ಬುಕಾನನ್ ನೇತೃತ್ವದ 1963ರ ‘ಟ್ರಾಫಿಕ್ ಇನ್ ಟೌನ್ಸ್’ ವರದಿಯಲ್ಲೂ ಇಂಥದೇ ಶ್ರೇಣಿಯಿದೆ, ಆದರೆ ಉದ್ದೇಶ ಬೇರೆ. ಜನ ಬಾಳುವ, ನಡೆದಾಡುವ ಪ್ರದೇಶಗಳನ್ನು ವಾಹನಗಳಿಂದ ಕಾಪಾಡುವುದು ವರದಿಯ ಚಿಂತೆ. ಆಟಗಾರ ಕಾಪಾಡುವುದು ಹೆಚ್ಚಾಗಿ ಕೂಡುರಸ್ತೆಯನ್ನು. ಪದ ಒಂದೇ ಎಂದು ಎರಡನ್ನೂ ಒಂದೆನ್ನುವ ಬರಹಗಳನ್ನು ನಾನು ಒಪ್ಪಲಾರೆ.

ಆಟ ಮರೆಮಾಚುವ ಸಂಗತಿಗಳೂ ಇವೆ. ಬಹಳ ಹೊತ್ತು ಸಿಕ್ಕಿಕೊಂಡ ವಾಹನ ಮಾಯವಾಗುತ್ತದೆ. ಏಕಕಾಲಕ್ಕೆ ಓಡಬಲ್ಲ ವಾಹನಗಳ ಮಿತಿ 16,384. ಎಲ್ಲಕ್ಕಿಂತ ದೊಡ್ಡದು ಪಾರ್ಕಿಂಗ್: ಜಾಗ ಸಿಗದಿದ್ದರೆ ಕಾರೇ ಅದೃಶ್ಯವಾಗಿ, ಬೇಕಾದಾಗ ಮತ್ತೆ ಮೂಡುತ್ತದೆ. ಇಂಥದೇ ಇನ್ನೊಂದು ಆಟವಾದ 2013ರ ‘ಸಿಮ್‌ಸಿಟಿ’ಯ ಪ್ರಧಾನ ವಿನ್ಯಾಸಕ ಸ್ಟೋನ್ ಲೈಬ್ರಾಂಡೆ, ನಿಜದ ಅಳತೆಯ ಪಾರ್ಕಿಂಗ್ ಇಟ್ಟರೆ ಆಟದ ಊರು ಬರೀ ಪಾರ್ಕಿಂಗ್ ಜಾಗವಾಗಿಬಿಡುತ್ತಿತ್ತೆಂದು ಸಂದರ್ಶನವೊಂದರಲ್ಲಿ ವಿವರಿಸಿದ್ದರು.

2023ರ ಅಕ್ಟೋಬರಿನಲ್ಲಿ ಬಂದ ‘ಸಿಟೀಸ್: ಸ್ಕೈಲೈನ್ಸ್ 2’ ದಾರಿಯ ಆಯ್ಕೆಗೆ ಸಮಯ, ಹಣ, ಆರಾಮ, ನಡವಳಿಕೆ ಎಂಬ ನಾಲ್ಕು ಬೆಲೆಗಳನ್ನು ಕಟ್ಟಿತು, ಹದಿಹರೆಯದವರು ಹಣಕ್ಕೂ ವೃದ್ಧರು ಆರಾಮಕ್ಕೂ ಹೆಚ್ಚು ತೂಕ ಕೊಡುತ್ತಾರೆ. ಪಾರ್ಕಿಂಗ್ ಶುಲ್ಕವೂ ಈಗ ದಾರಿಯ ಲೆಕ್ಕದೊಳಗೆ ಬಂದಿದೆ.